ಹೊಸ್ತಿಲಾಚೆಯ ಕಾಲು

ರಮಾಬಾಯಿ ಹುಟ್ಟಿದ್ದು ಮದ್ರಾಸಿನ ತಿರುವಲ್ಲಿಕ್ಕೇಣಿಯ ಒಂದು ಸಂದಿಯಲ್ಲಿ, ಕನ್ನಡ ಮಾತಾಡುವ ಮನೆಯಲ್ಲಿ. ತಂದೆ ಮಠದಲ್ಲಿ ಅಡಿಗೆ ಮಾಡುತ್ತಿದ್ದರು. ಮನೆಯಲ್ಲಿ ಅಕ್ಕಿಗೆ ಬಡತನವಿತ್ತೇ ಹೊರತು ಮಡಿಗೆ ಬಡತನವಿರಲಿಲ್ಲ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಗೆ ಮಗ್ಗಿ ಹನ್ನೆರಡರ ಮೇಲೆ ಏರುತ್ತಿರಲಿಲ್ಲ. ಆದರೆ ಒಗೆದ ಸೀರೆಯನ್ನು ಕೋಲಿನಿಂದಲೇ ಗಳದ ಮೇಲೆ ಹರವುವುದು, ಯಾವ ಪಾತ್ರೆ ಮುಸುರೆ, ಯಾವುದು ಮಡಿ, ಯಾರು ಮುಟ್ಟಿದರೆ ಸ್ನಾನ, ಯಾರು ಮುಟ್ಟಿದರೆ ಕೈ ತೊಳೆದರೆ ಸಾಕು, ಇವೆಲ್ಲವನ್ನೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಅದು ಬಾಯಿಪಾಠ ಮಾಡಿ ಬಂದದ್ದಲ್ಲ. ಹಾಲು ಕುಡಿದ ಹಾಗೆ ಒಳಗೆ ಇಳಿದದ್ದು.

ಹತ್ತೊಂಬತ್ತಕ್ಕೆ ಮಧ್ವರಾಜರ ಕೈಹಿಡಿದಳು. ಅವರು ಲಾರಿ ಕಂಪನಿಯೊಂದರಲ್ಲಿ ಗುಮಾಸ್ತರು. ಮಾತು ಕಮ್ಮಿ, ಸಂಧ್ಯಾವಂದನೆ ತಪ್ಪಿಸಿದವರಲ್ಲ. ತಿರುವಲ್ಲಿಕ್ಕೇಣಿಯ ಬಾಡಿಗೆ ಏರುತ್ತ ಹೋದಾಗ ಊರಂಚಿನ ಪಲ್ಲಾವರಕ್ಕೆ ಬಂದರು. ಅಲ್ಲಿ ಒಂದು ಹಜಾರ, ಒಂದು ಅಡಿಗೆಮನೆ, ಅಷ್ಟೇ. ತಲೆಯ ಮೇಲೆ ಹೊತ್ತು ಹೊತ್ತಿಗೂ ವಿಮಾನ ಹಾರಿದರೆ ಗಿಂಡಿಯ ನೀರು ಅಲುಗುತ್ತಿತ್ತು. ಗಾಳಿ ಆ ಕಡೆಯಿಂದ ಬೀಸಿದರೆ ಚರ್ಮ ಹದ ಮಾಡುವ ಕಾರ್ಖಾನೆಗಳ ವಾಸನೆ ಬರುತ್ತಿತ್ತು. ಆ ವಾಸನೆ ಬಂದಾಗಲೆಲ್ಲ ರಮಾಬಾಯಿ ಅಡಿಗೆಮನೆಯ ಕಿಟಕಿ ಮುಚ್ಚುತ್ತಿದ್ದಳು, ದೇವರಿಗೆ ತಾಗಬಾರದು ಎಂದು. ದೇವರ ಪೆಟ್ಟಿಗೆ ಇದ್ದದ್ದು ಅಡಿಗೆಮನೆಯ ಮೂಲೆಯಲ್ಲೇ. ಬೇರೆ ಜಾಗ ಎಲ್ಲಿತ್ತು?

ಮದುವೆಯಾಗಿ ಒಂಬತ್ತು ವರ್ಷಕ್ಕೆ ಅಕ್ಷಯಾ ಹುಟ್ಟಿದಳು. ಹದಿನಾಲ್ಕು ತಿಂಗಳಿಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದ್ದ ಮಗು, ಒಂದು ಶನಿವಾರ ಜ್ವರ ಬಂದು ಮಲಗಿತು. ಬೀದಿ ಕೊನೆಯ ಡಾಕ್ಟರು ಸೂಜಿ ಚುಚ್ಚಿದರು. ಮಂಗಳವಾರ ಜ್ವರ ಬಿಟ್ಟಿತು, ಬಲಗಾಲೂ ಬಿಟ್ಟಿತು. ಎತ್ತಿ ನಿಲ್ಲಿಸಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಪೋಲಿಯೋ ಎಂಬ ಮಾತನ್ನು ರಮಾಬಾಯಿ ಮೊದಲು ಕೇಳಿದ್ದು ಆವತ್ತೇ.

ಆಮೇಲಿನ ಏಳು ವರ್ಷ ಹರಕೆ, ಎಣ್ಣೆ, ಕೇರಳದ ವೈದ್ಯ ಎಂದು ಕಳೆದವು. ಮಗು ಕೈಯೂರಿ ತೆವಳುವುದನ್ನು ಕಲಿಯಿತು. ತೆವಳುತ್ತ ತೆವಳುತ್ತ ಮೊಣಕಾಲು ಮಡಿಸಿದ ಹಾಗೆಯೇ ಗಟ್ಟಿಯಾಯಿತು. ಶಾಲೆಗೆ ರಮಾಬಾಯಿ ಕಂಕುಳಲ್ಲಿ ಎತ್ತಿಕೊಂಡು ಹೋಗುತ್ತಿದ್ದಳು. ಎರಡನೆಯ ಕ್ಲಾಸು ಮಹಡಿಯ ಮೇಲೆ ಎಂದು ತಿಳಿದಾಗ ಹೆಡ್‌ಮಿಸ್ಟ್ರೆಸ್ಸು, ನಡೆಯುವ ಹಾಗಾದ ಮೇಲೆ ಕರೆತನ್ನಿ ಎಂದು ಮೆಲ್ಲಗೆ ಹೇಳಿ ಬಾಗಿಲ ತನಕ ಬಂದು ಬೀಳ್ಕೊಟ್ಟಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ರಮಾಬಾಯಿಗೆ.

ಅಂಥ ಹೊತ್ತಿನಲ್ಲಿ, ತೊಂಬತ್ತೆಂಟರಲ್ಲಿ, ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೊಸದೊಂದು ಸ್ಕೀಮು ಶುರುವಾಯಿತು. ಬಸುರಿ ಬಾಣಂತಿಯರಿಗೆ, ಕೆಮ್ಮು ಭೇದಿಗೆ ಎಂದಿದ್ದ ಜಾಗದಲ್ಲಿ ಇನ್ನು ಮೇಲೆ ಕೈಕಾಲು ಊನವಾದವರಿಗೂ ಚಿಕಿತ್ಸೆ ಕೊಡುತ್ತಾರಂತೆ. ಪ್ರತಿ ಬುಧವಾರ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಬರುತ್ತಾಳಂತೆ. ಮನೆಮನೆಗೆ ಬಂದು ನೋಡಿಕೊಳ್ಳಲು ಒಬ್ಬ ಕಾರ್ಯಕರ್ತೆಯೂ ಇರುತ್ತಾಳಂತೆ. ರಮಾಬಾಯಿ ಮಗಳನ್ನೆತ್ತಿಕೊಂಡು ಹೋದಳು. ಲಸಿಕೆ ಕೋಣೆಯ ಪಕ್ಕದಲ್ಲಿ ಒಂದು ಮರದ ಮೇಜು, ಗೋಡೆಗೆ ಹೊಡೆದ ಕಂಬಿ, ಒಂದು ಕನ್ನಡಿ. ಮೇಜಿನ ಹಿಂದೆ ಇಪ್ಪತ್ತಾರರ ಹುಡುಗಿ. ಹೆಸರು ಪಾವನಾ, ಮೈಸೂರಿನ ಕಡೆಯವಳು, ಮದುವೆಯಾಗಿ ಅಡ್ಯಾರಿಗೆ ಬಂದವಳು.

“ಕನ್ನಡ ಮಾತಾಡ್ತೀರಾ?” ಎಂದು ಅವಳು ಕೇಳಿದಾಗ ರಮಾಬಾಯಿಗೆ ತವರಿನಿಂದ ಯಾರೋ ಬಂದಷ್ಟು ಸಂತೋಷವಾಯಿತು.

ಪಾವನಾ ಮಗುವಿನ ಕಾಲನ್ನು ಮುಟ್ಟಿ, ಎತ್ತಿ, ಅಳೆದು ನೋಡಿದಳು. ತೊಡೆಯಲ್ಲಿ ಇನ್ನೂ ಸ್ವಲ್ಪ ಜೀವವಿದೆ, ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲಿನ ಹಿಂದಿನ ನರ ಬಿಡಿಸಿ ನೆಟ್ಟಗೆ ಮಾಡಿದರೆ, ಕ್ಯಾಲಿಪರ್ ಕಟ್ಟಿಕೊಂಡು ಇವಳು ನಡೆಯುತ್ತಾಳೆ ಎಂದಳು. ನಡೆಯುತ್ತಾಳೆ ಎಂದು ಅಷ್ಟು ಖಚಿತವಾಗಿ ಏಳು ವರ್ಷದಲ್ಲಿ ಯಾವ ದೇವರ ಮುಂದೆಯೂ ಯಾರೂ ಹೇಳಿರಲಿಲ್ಲ.

ಪಾವನಾಳ ಚೀಟಿ ಹಿಡಿದು ಹೋದದ್ದಕ್ಕೆ ದೊಡ್ಡಾಸ್ಪತ್ರೆಯಲ್ಲಿ ಬೇಗ ಮಂಚ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಆಪರೇಷನ್, ಆರು ವಾರ ಹಿಟ್ಟಿನ ಕಟ್ಟು, ಅಂದರೆ ಪ್ಲಾಸ್ಟರು. ದೀಪಾವಳಿ ಕಳೆದ ಮೇಲೆ ಕಟ್ಟು ಬಿಚ್ಚಿದಾಗ ಕಾಲು ಹುರಿಹಗ್ಗದ ಹಾಗೆ ಸಣಕಲಾಗಿತ್ತು. ಆದರೆ ನೆಟ್ಟಗಿತ್ತು. ಮಧ್ವರಾಜರು ಅದನ್ನು ನೋಡಿ ಎದ್ದು ಹೊರಗೆ ಹೋದರು. ಕಣ್ಣೊರೆಸಿಕೊಂಡು ಒಳಗೆ ಬಂದರು.

ಕ್ಯಾಲಿಪರ್ ಬಂತು. ತೊಡೆಯಿಂದ ಪಾದದ ತನಕ ಎರಡು ಕಬ್ಬಿಣದ ಸಲಾಕೆ. ಮೊಣಕಾಲಿನ ಹತ್ತಿರ, ಕಾಲು ನೆಟ್ಟಗಾದರೆ ಮಾತ್ರ ಜಾರಿಬಿದ್ದು ಕೂರುವ ಒಂದು ಕೊಂಡಿ. ತೊಡೆಗೆ, ಮಂಡಿಗೆ, ಮೀನಖಂಡಕ್ಕೆ ಅಗಲವಾದ ತೊಗಲಿನ ಪಟ್ಟಿಗಳು, ಕೆಳಗೆ ಕರೀ ತೊಗಲಿನ ಬೂಟು. ಬುಧವಾರ ಪಾವನಾ ಕಟ್ಟಿ ತೋರಿಸಿ, ಕೊಂಡಿ ಬೀಳಿಸಿ, ಮಗುವನ್ನು ಕಂಬಿ ಹಿಡಿಸಿ ನಿಲ್ಲಿಸಿದಳು. ಅಕ್ಷಯಾ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, “ಅಮ್ಮಾ, ನಾನು ಇಷ್ಟು ಎತ್ತರನಾ?” ಎಂದಳು.

ಪಾವನಾ ರಮಾಬಾಯಿಯನ್ನು ಪಕ್ಕಕ್ಕೆ ಕರೆದು ಹೇಳಿದಳು. “ನೋಡಿ ಅಮ್ಮ, ಆಪರೇಷನ್ ಅರ್ಧ ಕೆಲಸ. ಇನ್ನರ್ಧ ಮನೇಲಿ. ಹಗಲೂ ರಾತ್ರಿ ಇದು ಕಾಲಲ್ಲೇ ಇರಬೇಕು. ಮಲಗೋವಾಗಲೂ. ಸ್ನಾನಕ್ಕೆ ಮಾತ್ರ ಬಿಚ್ಚಿ. ಮೂರು ತಿಂಗಳು ಮೈಮರೆತರೆ ಮಂಡಿ ಮತ್ತೆ ಮಡಿಸ್ಕೊಂಡ್ಬಿಡತ್ತೆ.”

ಆಗಲಿ ಎಂದಳು ರಮಾಬಾಯಿ. ಮಾತು ಒಂದೂ ತಪ್ಪದೆ ಅವಳಿಗೆ ಅರ್ಥವಾಗಿತ್ತು.

ಅಲ್ಲೇ ಬೆಂಚಿನ ಮೇಲೆ ಕಾರ್ಯಕರ್ತೆ ಕೂತಿದ್ದಳು. ಕರಿಯಮ್ಮ ಎಂದು ಅವಳ ಹೆಸರು. ಕೊಳ್ಳೇಗಾಲದ ಕಡೆಯಿಂದ ಬಂದು ಇಪ್ಪತ್ತು ವರ್ಷವಾಗಿತ್ತು, ಗಂಡ ಚರ್ಮದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು ಕ್ಯಾಲಿಪರ್ ಸರಿಯಾಗಿ ಕಟ್ಟಿದ್ದೀರಾ, ಎಲ್ಲಾದರೂ ಉಜ್ಜಿ ಗಾಯವಾಗಿದೆಯಾ ಎಂದು ನೋಡುತ್ತೇನೆ, ವಿಳಾಸ ಹೇಳಿ ಎಂದಳು. ರಮಾಬಾಯಿಯ ಮನಸ್ಸಿನಲ್ಲಿ ಒಂದು ಗಳಿಗೆಯಲ್ಲಿ ಎಲ್ಲ ಓಡಿಹೋಯಿತು. ಹಜಾರ ದಾಟಿದರೆ ಅಡಿಗೆಮನೆ, ಅಡಿಗೆಮನೆಯ ಮೂಲೆಯಲ್ಲಿ ದೇವರು. ಇವಳು ಬಂದರೆ ಕೂರಿಸುವುದೆಲ್ಲಿ, ನೀರು ಕೊಡುವುದು ಯಾವ ಲೋಟದಲ್ಲಿ. ನಗುತ್ತಲೇ ಹೇಳಿದಳು, ಮನೆಗೆ ಬರುವ ಶ್ರಮ ಯಾಕೆ, ನಾವೇ ಬುಧವಾರ ತಪ್ಪದೆ ಬರುತ್ತೇವಲ್ಲ, ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಎಂದು. ಕರಿಯಮ್ಮನಿಗೆ ಅಂಥ ಮಾತಿನ ಒಳಗೇನಿರುತ್ತದೆ ಎಂಬುದು ಹೊಸದಲ್ಲ. ಮನೆಗೆ ಬರುವುದು ಬೇಡವಂತೆ ಎಂದು ಬರೆದುಕೊಂಡು ಮುಂದಿನವರನ್ನು ಕರೆದಳು.

ಆಟೋದಲ್ಲಿ ಮನೆಗೆ ಬಂದರು. ಆಟೋದವನೂ ಅಕ್ಕರೆಯಿಂದ ಮಗುವಿನ ಕೈ ಹಿಡಿದು ಇಳಿಸಿದ. ಅಕ್ಷಯಾ ಬಾಗಿಲ ತನಕ ಟಕ್ ಟಕ್ ಎಂದು ನಡೆದಳು. ಹೊಸ್ತಿಲ ಮುಂದೆ ನಿಂತಾಗ ರಮಾಬಾಯಿಯ ಕೈ ತಾನಾಗಿ ಮಗಳ ಭುಜ ಹಿಡಿಯಿತು. ಬೂಟು ಹಾಕಿಕೊಂಡು ಒಳಗೆ ಹೋಗುವುದುಂಟೇ? ಮಧ್ವರಾಜರು ಆಫೀಸಿನಿಂದ ಬಂದರೆ ಸೊಂಟದ ಬೆಲ್ಟು, ವಾಚಿನ ಪಟ್ಟಿ ಸಹ ಬಾಗಿಲ ಗೂಟಕ್ಕೆ ಹಾಕಿ ಒಳಗೆ ಬರುವವರು. ಬೂಟು ಒಂದನ್ನೇ ಬಿಚ್ಚೋಣವೆಂದರೆ ಅದು ಸಲಾಕೆಗೆ ಸೇರಿಸಿ ಹೊಡೆದದ್ದು. ಪಟ್ಟಿಗಳೂ ತೊಗಲಿನವೇ. ಹಾಗಾಗಿ ಮಗುವನ್ನು ಮೆಟ್ಟಿಲ ಮೇಲೆ ಕೂರಿಸಿ ಎಲ್ಲವನ್ನೂ ಬಿಚ್ಚಿ, ಚಪ್ಪಲಿ ಬಿಡುವ ಮೂಲೆಯಲ್ಲಿ ಒರಗಿಸಿಟ್ಟು, ಕಾಲು ತೊಳೆದು ಎತ್ತಿಕೊಂಡು ಒಳಗೆ ಹೋದಳು. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಲಿಲ್ಲ. ಗಂಡನನ್ನು ಕೇಳಲಿಲ್ಲ. ಕೇಳಬೇಕಾದ ವಿಷಯ ಎಂದೇ ತೋರಲಿಲ್ಲ.

ಮಗು ನೆಲಕ್ಕೆ ಇಳಿದ ಕೂಡಲೇ ಅಭ್ಯಾಸಬಲದಿಂದ ಮಂಡಿ ಮಡಿಸಿ ತೆವಳಿತು. “ಕಾಲು ಚಾಚ್ಕೊಂಡು ಕೂತ್ಕೋ” ಎಂದು ರಮಾಬಾಯಿ ಹೇಳಿದಳು. ಎಂಟು ವರ್ಷದ ಮಗು ಎಷ್ಟು ಹೊತ್ತು ಕಾಲು ಚಾಚಿಕೊಂಡು ಕೂತೀತು?

ಹೊರಗೆ ಹೋಗುವಾಗ ಕಟ್ಟುತ್ತಿದ್ದಳು. ಸಂಜೆ ಜಗಲಿಯ ಮೇಲೆ ಅರ್ಧ ಗಂಟೆ ಕಟ್ಟಿ ನಿಲ್ಲಿಸುತ್ತಿದ್ದಳು. ಅದೇ ಬಹಳ ಎಂದು ಅವಳ ಲೆಕ್ಕ. ಮೇಲಾಗಿ ಎಣ್ಣೆ ಹಾಕಿ ನೀವುತ್ತೇನಲ್ಲ, ಕಬ್ಬಿಣಕ್ಕಿಂತ ಎಣ್ಣೆ ಹಿತ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಮಗುವಿಗೂ ಅದು ಇಷ್ಟವಿರಲಿಲ್ಲ. ಪಟ್ಟಿ ಬಿಗಿದರೆ “ವಲಿಕ್ಕಿದು ಅಮ್ಮಾ, ನೋಯ್ತಿದೆ, ಬಿಚ್ಚು” ಎನ್ನುತ್ತಿತ್ತು. ಅದೂ ಒಂದು ನೆವ ಸಿಕ್ಕಿತು.

ಒಂದು ದಿನ ಮಧ್ವರಾಜರು ಜಪಕ್ಕೆ ಕೂತಿದ್ದರು. ಅವರು ಕೂರುತ್ತಿದ್ದದ್ದು ತಾತನ ಕಾಲದ ಕೃಷ್ಣಾಜಿನದ ಮೇಲೆ. ಅಕ್ಷಯಾ ತೆವಳಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನೋಡಿ ನೋಡಿ ಕೇಳಿದಳು. “ಅಮ್ಮಾ, ಅಪ್ಪ ಕೂತಿರೋದೂ ತೋಲ್ ತಾನೇ? ಅದು ಮಾತ್ರ ಒಳಗೆ ಇರಬಹುದಾ?”

“ಅದು ಜಿಂಕೆದು ಕಣೇ. ಜಿಂಕೆ ಚರ್ಮಕ್ಕೆ ಮೈಲಿಗೆ ಇಲ್ಲ.”

“ಹಾಗಾದ್ರೆ ನನಗೂ ಜಿಂಕೆದರಲ್ಲೇ ಮಾಡಿಸ್ಕೊಡು.”

ರಮಾಬಾಯಿ ನಕ್ಕುಬಿಟ್ಟಳು. ಜಪದ ಮಧ್ಯೆ ಮಧ್ವರಾಜರ ತುಟಿಯೂ ಒಂದಿಷ್ಟು ಅರಳಿತು. ಆ ಮಾತನ್ನು ಅವಳು ನೆಂಟರಿಗೆಲ್ಲ ಹೇಳಿ ನಗಿಸಿದಳು. ನಮ್ಮ ಮನೆಯ ವಕೀಲಳು ಎಂದಳು.

ಮೊದಲ ಎರಡು ಬುಧವಾರ ಪಾವನಾ ಬಂದಳು. ಹಾಕುತ್ತಿದ್ದೀರಾ ಎಂದು ಸಾಲಿನಲ್ಲಿ ನಿಂತ ಹತ್ತು ಜನರ ಮುಂದೆ ಕೇಳಿದಾಗ, ಹಾಕುತ್ತಿದ್ದೇನೆ ಎಂದಳು ರಮಾಬಾಯಿ. ಸುಳ್ಳು ಹೇಳಿದ ಹಾಗೆ ಅವಳಿಗೆ ಅನ್ನಿಸಲಿಲ್ಲ. ಬೆಳಿಗ್ಗೆ ಹಾಕಿಕೊಂಡೇ ಬಂದಿತ್ತಲ್ಲ ಮಗು. ನಿಜ ಹೇಳಿದ್ದರೆ ಏನಾಗುತ್ತಿತ್ತು? ಆ ಹುಡುಗಿ ಬೈಯುತ್ತಲೂ ಇರಲಿಲ್ಲ, ಏನಾದರೊಂದು ದಾರಿ ಹುಡುಕುತ್ತಿದ್ದಳು. ಆದರೆ ನಮ್ಮ ಭಾಷೆಯವಳು, ನಮ್ಮ ಮನೆಯ ಮಡಿಯನ್ನು ಕೇಳಿ ನಗುತ್ತಾಳೇನೋ ಎಂಬ ಒಂದು ಅಳುಕು.

ಮೂರನೆಯ ಬುಧವಾರ ಮಳೆ. ಕಾರ್ತಿಕದ ಮಳೆ ಮದ್ರಾಸಿಗೆ ಬಂದರೆ ಬೀದಿಯೇ ಕೆರೆ. ನಾಲ್ಕನೆಯದಕ್ಕೂ ಅದೇ ಗತಿ. ಡಿಸೆಂಬರಿನಲ್ಲಿ ಹೋದರೆ ವ್ಯಾಯಾಮದ ಕೋಣೆಗೆ ಬೀಗ. ಊರಿಗೆಲ್ಲ ಪೋಲಿಯೋ ಹನಿ ಹಾಕುವ ಕಾರ್ಯಕ್ರಮವಂತೆ, ಕೇಂದ್ರದಲ್ಲಿದ್ದ ಸಕಲ ಸಿಬ್ಬಂದಿಯನ್ನೂ ಅದಕ್ಕೆ ಹಾಕಿದ್ದಾರಂತೆ, ಕರಿಯಮ್ಮನೂ ಪೆಟ್ಟಿಗೆ ಹೊತ್ತು ಬೀದಿ ಬೀದಿ ಸುತ್ತುತ್ತಿದ್ದಾಳಂತೆ. ಹೊಸ ಮಕ್ಕಳಿಗೆ ಪೋಲಿಯೋ ಬರದ ಹಾಗೆ ನೋಡಿಕೊಳ್ಳುವ ಅವಸರದಲ್ಲಿ, ಆಗಲೇ ಬಂದವರ ಮೇಜಿಗೆ ಯಾರೂ ಉಳಿಯಲಿಲ್ಲ. ಜನವರಿ ಕಳೆದ ಮೇಲೆ ಬನ್ನಿ ಎಂದರು.

ಅಷ್ಟರಲ್ಲಿ ಧನುರ್ಮಾಸ. ಸೂರ್ಯ ಹುಟ್ಟುವ ಮೊದಲು ಪೂಜೆ ಮುಗಿದು ಹುಗ್ಗಿಯ ನೈವೇದ್ಯ ಆಗಬೇಕು. ಆ ತಿಂಗಳು ಮನೆಯೇ ಒಂದು ಗರ್ಭಗುಡಿ. ಕ್ಯಾಲಿಪರ್ ಜಗಲಿಗೂ ಬರಲಿಲ್ಲ. ಹೊರಗಿನ ಮೂಲೆಯಲ್ಲಿ ಮಳೆಯ ಎರಚಲಿಗೆ ನೆನೆದು, ಪಟ್ಟಿಯ ಮೇಲೆ ಬೂದಿಬಣ್ಣದ ಬೂಷ್ಟು ಹಿಡಿಯಿತು.

ಜನವರಿಯ ಒಂದು ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಕರಿಯಮ್ಮ ಹೆಗಲಿಗೆ ತಣ್ಣನೆ ಪೆಟ್ಟಿಗೆ ನೇತುಹಾಕಿಕೊಂಡು ಆ ಬೀದಿಗೆ ಬಂದಳು. ಬಾಗಿಲು ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ, ಐದು ವರ್ಷದೊಳಗಿನ ಮಕ್ಕಳಿದ್ದಾರಾ ಎಂದು ಕೂಗುತ್ತ ಬಂದವಳು ಈ ಬಾಗಿಲಲ್ಲಿ ಗಕ್ಕನೆ ನಿಂತಳು. ಅದು ರಮಾಬಾಯಿಯ ಮನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಕಂಡದ್ದು ನಾಲ್ಕು ಜೊತೆ ಚಪ್ಪಲಿಯ ನಡುವೆ ಒರಗಿದ್ದ ಕ್ಯಾಲಿಪರ್. ಎರಡು ಸಲಾಕೆಯ ನಡುವೆ ಜೇಡ ಬಲೆ ಕಟ್ಟಿತ್ತು.

ರಮಾಬಾಯಿ ಹೊರಗೆ ಬಂದಳು. ಮಡಿಸೀರೆಯಲ್ಲಿದ್ದದ್ದರಿಂದ ಹೊಸ್ತಿಲೊಳಗೇ ನಿಂತಳು.

“ಯಾಕ್ರವ್ವಾ, ಇದ ಈಚೆ ಮಡಗಿದ್ದೀರಿ?” ಎಂದಳು ಕರಿಯಮ್ಮ.

ರಮಾಬಾಯಿ ತೊಗಲು, ದೇವರು, ಧನುರ್ಮಾಸ ಎಂದು ತುಂಡು ತುಂಡಾಗಿ ಏನೋ ಹೇಳಿದಳು.

“ಯಾವತ್ತಿಂದ?”

“ಮೊದಲಿಂದ.”

ಕರಿಯಮ್ಮ ಪೆಟ್ಟಿಗೆ ಕೆಳಗಿಟ್ಟಳು. ಸೆರಗಿನಿಂದ ಜೇಡನ ಬಲೆ ಒರೆಸಿದಳು. ಅಷ್ಟು ಹೊತ್ತಿಗೆ ಅಕ್ಷಯಾ ಮಂಡಿಯ ಮೇಲೆ ತೆವಳುತ್ತ ಅಮ್ಮನ ಸೀರೆಯ ಹಿಂದಿನಿಂದ ಇಣುಕಿದಳು. ಕರಿಯಮ್ಮ ಅಲ್ಲಿಂದಲೇ ಮಗುವಿನ ಮಂಡಿ ನೋಡಿದಳು, ಬಹಳ ಹೊತ್ತು ನೋಡಿದಳು.

“ನಾ ಬತ್ತೀನಿ ಅಂದೆ. ನೀವು ಬ್ಯಾಡ ಅಂದ್ರಿ. ನಾ ಒಳೀಕ್ ಬರೋದು ಬ್ಯಾಡವಾಗಿತ್ತು ನಿಮ್ಗೆ, ಅದು ನಂಗೊತ್ತು. ನಾ ಇಲ್ಲೇ ಬೀದೀಲಿ ನಿಂತ್ಕಂಡೇ ನೋಡ್ತಿದ್ನಲ್ಲವ್ವಾ. ಒಂದ್ ಸಲ ಬಂದಿದ್ರೆ ಸಾಕಾಗಿತ್ತಲ್ಲ.”

ಬೈಗುಳವಿರಲಿಲ್ಲ ಆ ಮಾತಿನಲ್ಲಿ. ಕರಿಯಮ್ಮ ಬಾಗಿಲಿಗೆ ಗುರುತು ಹಾಕಿ, ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಅವಳಿಗೆ ಇನ್ನೂ ಎಂಬತ್ತು ಮನೆ ಬಾಕಿಯಿತ್ತು.

ಆ ಸಂಜೆ ರಮಾಬಾಯಿ ಗಂಡನಿಗೆ ಹೇಳಿದಳು. ಮಧ್ವರಾಜರು ದಿನಾ ಎರಡು ಸಲ ಆ ಕ್ಯಾಲಿಪರ್ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದವರು. ಹೊರಗಿರುವುದನ್ನು ಕಂಡಿದ್ದರು, ಒಳಗೆ ಬರಬೇಕಾದ್ದು ಎಂದು ಹೊಳೆದಿರಲಿಲ್ಲ. ಡಾಕ್ಟರಮ್ಮ ಹಗಲೂ ರಾತ್ರಿ ಅಂದಿದ್ದಳೇ ಎಂದು ಎರಡು ಸಲ ಕೇಳಿದರು. ಮರುದಿನ ಇಬ್ಬರೂ ತಿರುವಲ್ಲಿಕ್ಕೇಣಿಗೆ ಹೋಗಿ, ಮಠದ ಹಳೆಯ ಆಚಾರ್ಯರ ಮುಂದೆ ಕೂತರು. ಎಂಬತ್ತು ದಾಟಿದ ಮನುಷ್ಯ, ಕಿವಿ ಮಂದ. ರಮಾಬಾಯಿ ಗಟ್ಟಿಯಾಗಿ ಎರಡು ಸಲ ಹೇಳಬೇಕಾಯಿತು. ತೊಗಲಿನ ಪಟ್ಟಿ ಇರುವ ಕ್ಯಾಲಿಪರ್ ದೇವರಿರುವ ಮನೆಯೊಳಗೆ ಇಡಬಹುದೇ, ಏನು ಪ್ರಾಯಶ್ಚಿತ್ತ ಎಂದು.

ಆಚಾರ್ಯರು ಅವಳ ಮುಖವನ್ನೇ ನೋಡಿದರು. “ಅದು ಮಗುವಿನ ಕಾಲು ಕಣಮ್ಮಾ. ಚಪ್ಪಲಿ ಅಲ್ಲ. ಕಾಲನ್ನ ಹೊರಗೆ ಬಿಟ್ಟು ಮಗೂನ ಒಳಗೆ ಕರ್ಕೊಂಡ್ಯಾ?” ಎಂದರು. ರೋಗಿಗೆ, ಮಗುವಿಗೆ, ಆಪತ್ತಿನಲ್ಲಿದ್ದವರಿಗೆ ಯಾವ ಮೈಲಿಗೆಯೂ ಇಲ್ಲ, ಇದನ್ನು ಕೇಳಲು ಇಷ್ಟು ದಿನ ಬೇಕಾಯಿತೇ ಎಂದು ಅವರೇ ಕೇಳಿದರು.

ಅಷ್ಟೇ. ಒಂದೇ ಮಾತಿನಲ್ಲಿ ಮುಗಿದುಹೋಗುವ ಸಂಗತಿ. ರಮಾಬಾಯಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಪಲ್ಲಾವರದ ತನಕ ಅತ್ತಳು. ಶಾಸ್ತ್ರವೇ ಬೇಡವೆಂದಿದ್ದರೆ ಶಾಸ್ತ್ರವನ್ನು ದೂರಬಹುದಿತ್ತು.

ಮನೆಗೆ ಬಂದವಳೇ ಕ್ಯಾಲಿಪರನ್ನು ಎರಡು ಕೈಯಲ್ಲಿ ಎತ್ತಿ ಒಳಗೆ ತಂದು, ಬೂಷ್ಟು ಒರೆಸಿ, ಎಣ್ಣೆ ಹಚ್ಚಿ ಮಗುವಿಗೆ ಕಟ್ಟಿದಳು. ತೊಡೆಯ ಪಟ್ಟಿ ಕೂತಿತು, ಮೀನಖಂಡದ್ದೂ ಕೂತಿತು. ಮೊಣಕಾಲು ಮುಂದಕ್ಕೆ ಬಾಗಿಕೊಂಡಿತ್ತು. ಕೊಂಡಿ ಕೆಳಗೆ ಜಾರಿ ಕೂರಲು ನಾಲ್ಕು ಬೆರಳು ಜಾಗ ಕಮ್ಮಿ. ಒತ್ತಿದಳು. ಮಗು ಕಿರುಚಿತು. ಮಧ್ವರಾಜರು ಬಂದು ಒತ್ತಿದರು. ಕೊಂಡಿ ಬೀಳಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮುಂದಿನ ಬುಧವಾರ ಪಾವನಾ ಸಿಕ್ಕಳು. ಇದ್ದದ್ದನ್ನೆಲ್ಲ ರಮಾಬಾಯಿ ಒಪ್ಪಿಕೊಂಡಳು. ಪಾವನಾ ಮಂಡಿಯನ್ನು ಅಳೆದು, ಬೇಗ ಮಾಡಿದರೆ ಇನ್ನೂ ದಾರಿಯಿದೆ, ವಾರ ವಾರ ಹಿಟ್ಟಿನ ಕಟ್ಟು ಬದಲಿಸಿ ಬದಲಿಸಿ ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡಬಹುದು, ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ ಎಂದಳು. ಬರೆದೂ ಕೊಟ್ಟಳು. ಆಸ್ಪತ್ರೆಯವರು ಏಪ್ರಿಲಿಗೆ ದಿನ ಕೊಟ್ಟರು, ಬರುವಾಗ ನಿಮ್ಮ ಕೇಂದ್ರದ ವ್ಯಾಯಾಮದ ಡಾಕ್ಟರ ಒಪ್ಪಿಗೆ ಕಾಗದ ಬೇಕು, ಕಟ್ಟು ಬಿಚ್ಚಿದ ಮೇಲೆ ನೋಡಿಕೊಳ್ಳುವವರು ಅವರು ತಾನೇ ಎಂದರು. ಏಪ್ರಿಲಿನಲ್ಲಿ ಕೇಂದ್ರಕ್ಕೆ ಹೋದರೆ ಪಾವನಾ ಇರಲಿಲ್ಲ. ಮಾರ್ಚಿ ಮೂವತ್ತೊಂದಕ್ಕೆ ಸ್ಕೀಮು ಮುಗಿಯಿತಂತೆ. ಮರದ ಮೇಜಿನ ಮೇಲೆ ಲಸಿಕೆಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಕನ್ನಡಿಯನ್ನು ನರ್ಸಮ್ಮನ ಕೋಣೆಗೆ ತೆಗೆದುಕೊಂಡು ಹೋಗಿದ್ದರು.

ಕಾಗದ ಕೊಡುವವರಿಲ್ಲದೆ ದಿನ ತಪ್ಪಿತು. ಆಮೇಲೆ ರಮಾಬಾಯಿಯ ಅಲೆದಾಟ. ಆರೋಗ್ಯ ಕೇಂದ್ರದವರು, ಊನವಾದವರದ್ದು ಸಮಾಜ ಕಲ್ಯಾಣದವರ ಕೆಲಸ ಎಂದರು. ಸಮಾಜ ಕಲ್ಯಾಣದವರು, ಕ್ಯಾಲಿಪರ್ ಬೇಕಾದರೆ ನಾವು ಕೊಡುತ್ತೇವೆ, ವ್ಯಾಯಾಮ ಆರೋಗ್ಯದವರದ್ದು ಎಂದರು. ಸರ್ಟಿಫಿಕೇಟು ಮಾಡಿಸಿದ್ದೀರಾ ಎಂದು ಇಬ್ಬರೂ ಕೇಳಿದರು. ಅದಕ್ಕೆ ಮೂರನೆಯ ಆಫೀಸು. ಒಬ್ಬರ ಬಾಗಿಲಿಗೂ ಇನ್ನೊಬ್ಬರ ಬಾಗಿಲಿಗೂ ನಡುವೆ ಬಸ್ಸಿನಲ್ಲಿ ಎರಡು ಗಂಟೆ. ಮಗುವನ್ನೆತ್ತಿಕೊಂಡು ಹತ್ತಿ ಇಳಿದು ಅವಳ ಸೊಂಟ ಬಿತ್ತು. ಅಡಿಗೆಮನೆಯಲ್ಲಿ ಮಡಿ ಈಗ ಅರ್ಧಕ್ಕರ್ಧ ಕಮ್ಮಿಯಾಗಿತ್ತು. ಬೇಕಾದಾಗ ಕಮ್ಮಿಯಾಗಲಿಲ್ಲವಲ್ಲ ಎಂದು ಅವಳಿಗೆ ಅದೂ ಒಂದು ಸಂಕಟ.

ಕರಿಯಮ್ಮನ ನೌಕರಿಯೂ ಸ್ಕೀಮಿನ ಜೊತೆಗೇ ಹೋಗಿತ್ತು. ಒಂದು ಶುಕ್ರವಾರ ಪಲ್ಲಾವರದ ಸಂತೆಯಲ್ಲಿ ಹಳೆಯ ಪಾತ್ರೆಗಳ ಸಾಲಿನಲ್ಲಿ ಇಬ್ಬರೂ ಎದುರಾದರು. ರಮಾಬಾಯಿಯೇ ಹೋಗಿ ಕೈ ಹಿಡಿದುಕೊಂಡಳು. ಮನೆಗೆ ಬಾ, ಒಳಗೆ ಬಾ, ಮಗುವಿನ ಕಾಲಿಗೆ ಏನು ಮಾಡಬೇಕು ಹೇಳಿಕೊಡು ಎಂದಳು. ಕರಿಯಮ್ಮ ಬಂದಳು. ಹಜಾರದಲ್ಲಿ ಕೂತು, ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದು, ಮಂಡಿಯ ಹಿಂದೆ ಹೇಗೆ ಒತ್ತಬೇಕು, ಎಷ್ಟು ಹೊತ್ತು ಹಿಡಿಯಬೇಕು ತೋರಿಸಿದಳು. ಹೋಗುವಾಗ ಬಾಗಿಲಲ್ಲಿ ಮೆತ್ತಗೆ, “ಕೈ ಬಿಡಬ್ಯಾಡಿ, ಆದ್ರೆ ಇದು ಬರೀ ಕೈಗೆ ಬಗ್ಗಾದಲ್ಲ ಕನವ್ವ” ಎಂದಳು.

ಎರಡು ಸಾವಿರದ ಇಸವಿಯಲ್ಲಿ ಕಡೆಗೂ ಹಿಟ್ಟಿನ ಕಟ್ಟು ಹಾಕಿದರು. ನಾಲ್ಕು ವಾರಕ್ಕೆ ಅರ್ಧ ನೆಟ್ಟಗಾಯಿತು. ಐದನೆಯ ವಾರ ಕಟ್ಟಿನೊಳಗೆ ಹುಣ್ಣಾಗಿ ಕೀವು ಕಟ್ಟಿ, ಎಲ್ಲವನ್ನೂ ಒಡೆದು ತೆಗೆಯಬೇಕಾಯಿತು. ಹುಣ್ಣು ಮಾಯುವಷ್ಟರಲ್ಲಿ ಮಂಡಿ ಹಿಂದಿನ ಜಾಗಕ್ಕೇ ಬಂದಿತ್ತು. ಮರುವರ್ಷ ದೊಡ್ಡ ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, ಮೊಣಕಾಲಿನ ಕೆಳಗಿನ ಮೂಳೆ ಹಿಂದಕ್ಕೆ ಸರಿದುಬಿಟ್ಟಿದೆ, ಬೆಳೆಯುವ ಮಗು, ಈಗ ಮುಟ್ಟಿದರೆ ಇರುವುದೂ ಹೋಗುತ್ತದೆ, ಬೆಳವಣಿಗೆ ನಿಂತ ಮೇಲೆ ನೋಡೋಣ ಎಂದರು. ನೋಡೋಣ ಎಂಬ ಆ ಒಂದು ಮಾತನ್ನು ರಮಾಬಾಯಿ ಕೆಂಡ ಮುಚ್ಚಿಟ್ಟುಕೊಂಡ ಹಾಗೆ ನಾಲ್ಕು ವರ್ಷ ಇಟ್ಟುಕೊಂಡಳು. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಎಣ್ಣೆ ಬೆಚ್ಚಗೆ ಮಾಡಿ, ಕರಿಯಮ್ಮ ತೋರಿಸಿದ ಹಾಗೆ ಮಂಡಿಯ ಹಿಂದೆ ಒತ್ತಿ ಹಿಡಿಯುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಏಕಾದಶಿಯಂದೂ ಬಿಡಲಿಲ್ಲ.

ಅಕ್ಷಯಾ ಕೈಯಿಂದ ಮಂಡಿ ಒತ್ತಿಕೊಂಡು ಬಗ್ಗಿ ಬಗ್ಗಿ ನಡೆಯುವುದನ್ನು ತಾನೇ ಕಲಿತಳು. ಅದು ಮನೆಯೊಳಗೆ ಮಾತ್ರ. ಬೀದಿಯಲ್ಲಿ ಹಾಗೆ ನಡೆಯಲು ಒಪ್ಪುತ್ತಿರಲಿಲ್ಲ. ಮನೆಯಲ್ಲೇ ಓದಿ ಎಂಟನೆಯದನ್ನು ಖಾಸಗಿಯಾಗಿ ಕಟ್ಟಿದಳು. ಅಮ್ಮ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾದಳು.

ಎರಡು ಸಾವಿರದ ಐದರಲ್ಲಿ ಅದೇ ಕೇಂದ್ರಕ್ಕೆ ಸುಣ್ಣ ಬಳಿದು ಮತ್ತೊಂದು ಸ್ಕೀಮು ತಂದರು. ಈ ಸಲ ಗುರುವಾರ. ಬಂದವನು ರಮೇಶ್ ಎಂಬ ತಮಿಳು ಹುಡುಗ, ಒಳ್ಳೆಯ ಕೈ, ಒಳ್ಳೆಯ ಮಾತು. ಅಕ್ಷಯಾಗೆ ಹದಿನೈದಾಗಿತ್ತು, ಬೆಳವಣಿಗೆ ನಿಂತಿತ್ತು. ರಮಾಬಾಯಿ ಹಳೆಯ ಫೋಟೋಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಮಗಳನ್ನು ಆಟೋದಲ್ಲಿ ಕರೆದುಕೊಂಡು ಹೋದಳು. ರಮೇಶ್ ಮಂಡಿಗೆ ಅಳತೆಪಟ್ಟಿ ಹಿಡಿದ. ಫೋಟೋಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದ. ದೊಡ್ಡಾಸ್ಪತ್ರೆಗೆ ತಾನೇ ಫೋನು ಮಾಡಿ ಬಹಳ ಹೊತ್ತು ಮಾತಾಡಿದ. ಬಂದು ಕೂತು, ಅಮ್ಮನಿಗಲ್ಲ, ಅಕ್ಷಯಾಳ ಮುಖ ನೋಡಿ ಹೇಳಿದ. ಮೂಳೆ ಕತ್ತರಿಸಿ ನೆಟ್ಟಗೆ ಮಾಡಿದರೂ ಆ ಕಾಲು ಭಾರ ಹೊರುವುದಿಲ್ಲ, ನರಕ್ಕೆ ಪೆಟ್ಟಾಗುವ ಭಯ ಬೇರೆ, ಡಾಕ್ಟರು ಮಾಡುವುದಿಲ್ಲ ಎನ್ನುತ್ತಾರೆ, ನನಗೂ ಹಾಗೇ ಕಾಣುತ್ತದೆ. ಕೈಗಳಿಗೆ ಬಲ ಬರುವ ವ್ಯಾಯಾಮ ಹೇಳಿಕೊಡುತ್ತೇನೆ, ಮೂರುಗಾಲಿ ಸೈಕಲ್ಲಿಗೆ ಅರ್ಜಿ ಹಾಕೋಣ ಎಂದ. ಆಮೇಲೆ ರಮಾಬಾಯಿಯ ಕಡೆ ತಿರುಗಿ, ಮೊದಲನೆಯ ಆಪರೇಷನ್ ಬಹಳ ಚೆನ್ನಾಗಿ ಆಗಿತ್ತಲ್ಲ, ಆಮೇಲೆ ಏನಾಯಿತು ಎಂದು ಕೇಳಿದ.

ರಮಾಬಾಯಿ ಬಾಯಿ ತೆರೆದಳು. ಅವಳಿಗಿಂತ ಮೊದಲು ಅಕ್ಷಯಾ ಹೇಳಿದಳು, ತಮಿಳಿನಲ್ಲಿ, ಚುಟುಕಾಗಿ. ನಾನು ಸರಿಯಾಗಿ ಹಾಕಿಕೊಳ್ಳಲಿಲ್ಲ, ನೋಯುತ್ತಿತ್ತು, ಅಳುತ್ತಿದ್ದೆ ಎಂದಳು.

ಹುಡುಗ ಅದನ್ನೇ ಬರೆದುಕೊಂಡ.

ಆಟೋ ವಿಮಾನ ನಿಲ್ದಾಣದ ಗೋಡೆ ದಾಟಿದ ಮೇಲೆ ರಮಾಬಾಯಿ, “ಹಾಗೆ ಯಾಕೆ ಹೇಳಿದ್ಯೇ? ನಾನು ತಾನೇ ಹೊರಗೆ ಇಟ್ಟಿದ್ದು” ಎಂದಳು.

“ನಾನೂ ಬಿಚ್ಚು ಬಿಚ್ಚು ಅಂದೆನಲ್ಲ.” ಅಕ್ಷಯಾ ಹೊರಗೆ ನೋಡುತ್ತ ಹೇಳಿದಳು. “ಎರಡೂ ಒಂದೇ ಅಮ್ಮಾ.”

ಎರಡೂ ಒಂದೇ ಅಲ್ಲ ಎಂದು ರಮಾಬಾಯಿಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು. ತನ್ನನ್ನು ಕಾಪಾಡಿದಳು ಎಂದು ತಿಳಿದಷ್ಟೂ ಎದೆಯ ಮೇಲಿನ ಕಲ್ಲು ಭಾರವಾಯಿತು.

ಮನೆಗೆ ಬಂದು ದೀಪ ಹಚ್ಚಿದಳು. ಮಧ್ವರಾಜರು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಅಭ್ಯಾಸದಂತೆ ಎಣ್ಣೆಯ ಬಟ್ಟಲನ್ನು ಒಲೆಯ ಮೇಲಿಟ್ಟು ಬೆಚ್ಚಗೆ ಮಾಡಿ, ಅಂಗೈಗೆ ಸುರಿದುಕೊಂಡು ಹಜಾರಕ್ಕೆ ಬಂದಳು. ಅಕ್ಷಯಾ ಗೋಡೆಗೆ ಒರಗಿ ಕೂತಿದ್ದಳು. ಅಮ್ಮನ ಕೈ ಕಂಡು ಲಂಗವನ್ನು ಮಂಡಿಯ ಮೇಲೆ ಎಳೆದುಕೊಂಡು, ಅಂಚನ್ನು ಪಾದದ ಕೆಳಗೆ ಸಿಕ್ಕಿಸಿದಳು.

“ಪೋದುಂ ಅಮ್ಮಾ. ಸಾಕು. ಇನ್ಮೇಲೆ ಬೇಡ.”

ಇವತ್ತೊಂದು ದಿನ ಎಂದಳು ರಮಾಬಾಯಿ. ಅಕ್ಷಯಾ ತಲೆಯಾಡಿಸಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ, ದಣಿವಿತ್ತು.

ಎಣ್ಣೆ ಅಂಗೈಯಲ್ಲಿ ತಣ್ಣಗಾಗುತ್ತ ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯಿತು. ಬಟ್ಟಲಿಗೆ ತಿರುಗಿ ಸುರಿಯುವ ಹಾಗಿಲ್ಲ, ಚೆಲ್ಲಲು ಮನಸ್ಸಿಲ್ಲ. ರಮಾಬಾಯಿ ಹಜಾರದ ನಡುವೆ ಕೈ ಬೊಗಸೆ ಮಾಡಿಕೊಂಡು, ಅದನ್ನು ಎಲ್ಲಿಗೆ ಹಚ್ಚಬೇಕೆಂದು ತಿಳಿಯದೆ ನಿಂತಳು.